ಜೂಲಿಯಾ ಮರೆಯಲಿಲ್ಲ

"ಅಕ್ಕಾ, ಬಂದ! ಹಿಂದೇನೇ ಬಂದ!"

ಕನ್ನಡಿ ನೋಡಿದೆ. ಬಿಳಿ ಜೀಪು. ಬಾನೆಟ್ ತುಂಬ ಕೆಂಪು ಬಣ್ಣದಲ್ಲಿ ಎರಡಕ್ಷರ... ಆರ್‌ಎಸ್.

ರಾಜಶೇಖರ್!

ಜಾವಗಲ್ ದಾಟಿ ಹಳೇಬೀಡಿನ ರಸ್ತೆಗೆ ಬಿದ್ದಿದ್ದೆವು. ನನ್ನದು ಹಳೇ ಸ್ಕೂಟರ್. ಹಿಂದೆ ಕೂತವಳು ಸುಷ್ಮಿತಾ. ಅವಳ ತೊಡೆಯ ಮೇಲೆ ಬಾಯಿ ತೆರೆದುಕೊಂಡ ಲ್ಯಾಪ್‌ಟಾಪ್.

"ಮುಚ್ಚೇ ಅದನ್ನ! ಬಿದ್ದು ಸಾಯ್ತೀಯ!"

"ಮುಚ್ಚಿದ್ರೆ ಆಫ್ ಆಗುತ್ತೆ ಅಕ್ಕಾ. ಹಳೇದು ಇದು."

"ಆದ್ರೆ ಆಗ್ಲಿ!"

"ಆಫ್ ಆದ್ರೆ ಸಾಕ್ಷಿ ಹೋಯ್ತು. ಸಾಕ್ಷಿ ಹೋದ್ರೆ ನಾನು ಜೈಲಿಗೆ!"

ಆಕ್ಸಿಲರೇಟರ್ ತಿರುವಿದೆ. ಜೀಪು ಹಿಂದಿನಿಂದ ಒಂದು ಗುದ್ದು ಕೊಟ್ಟಿತು. ಸ್ಕೂಟರ್ ಓಲಾಡಿತು. ಸುಷ್ಮಿತಾ ಕಿರುಚಿದಳು, ಆದರೆ ಲ್ಯಾಪ್‌ಟಾಪ್ ಬಿಡಲಿಲ್ಲ. ಗಟ್ಟಿ ಹುಡುಗಿ.

ನಾನು ಯಾರು ಅಂತೀರಾ? ಮಂಜುಳಾ. ಊರು ಅರಸೀಕೆರೆ. ಸತ್ತ ಹಸುಗಳ ಇನ್ಶೂರೆನ್ಸ್ ತನಿಖೆ ನನ್ನ ಕಸುಬು. ಕಿವಿ ಓಲೆಯ ನಂಬರ್ ನೋಡ್ತೀನಿ. ಹೇಗೆ ಸತ್ತಿತು ಅಂತ ಕೇಳ್ತೀನಿ. ಹೇಳುವವರ ಮುಖ ನೋಡ್ತೀನಿ. ಬದುಕಿರೋ ಹಸುವಿನ ಓಲೆ ಕಿತ್ತು ತಂದು ಅತ್ತವರಿದ್ದಾರೆ. ಒಂದೇ ಹಸುವನ್ನ ಎರಡು ಸಲ ಸಾಯಿಸಿದವರೂ ಇದ್ದಾರೆ!

ಈ ಸಲ ಸುಳ್ಳಿರಲಿಲ್ಲ. ಹಳೇಬೀಡಿನ ಪಕ್ಕದ ಹಳ್ಳಿಯ ಭಾಗಮ್ಮನ ಹಸು, ಹೆಸರು ಕೆಂದಿ. ಬೆಳಿಗ್ಗೆ ಫೀಡ್ ತಿಂದಿತು. ಹೊಟ್ಟೆ ಉಬ್ಬಿತು, ಬಾಯಲ್ಲಿ ನೊರೆ ಬಂತು, ಮಧ್ಯಾಹ್ನಕ್ಕೆ ಕಾಲು ಚಾಚಿತು. ಅದೇ ಫೀಡ್ ತಿಂದ ಗೆಂಡೆಹಳ್ಳಿ ಕಡೆಯ ಹಸುಗಳೂ ಹೋದವು. ಡಾಕ್ಟರ್ ಹೊಟ್ಟೆ ಕೊಯ್ದು ನೋಡಿ ಒಂದೇ ಮಾತು ಹೇಳಿದರು.

ಯೂರಿಯಾ!

ಹೊಲಕ್ಕೆ ಹಾಕ್ತೀವಲ್ಲ, ಅದೇ. ಫೀಡಿಗೂ ಸ್ವಲ್ಪ ಬೆರೆಸ್ತಾರೆ. ನೂರು ಕೇಜಿಗೆ ಒಂದು ಕೇಜಿ. ಜಾಸ್ತಿ ಆದರೆ ವಿಷ.

ಫೀಡ್ ಬಂದಿದ್ದು ಗಂಡಸಿ ಹತ್ತಿರದ ಆರ್‌ಎಸ್ ಮಿಲ್ಲಿಂದ. ಮಾಲೀಕ ರಾಜಶೇಖರ್. ಮೂಟೆ ಮೇಲೆ ಆರ್‌ಎಸ್, ಗೋಡೌನ್ ಮೇಲೆ ಆರ್‌ಎಸ್, ಕೂಲಿಯವರು ನೀರು ಕುಡಿಯೋ ಡ್ರಮ್ ಮೇಲೂ ಆರ್‌ಎಸ್! ಅಷ್ಟೆಲ್ಲಾ ಬರೆಸಿಕೊಂಡವನು, ಹಸು ಸತ್ತಾಗ ಮಾತ್ರ ಬೆರಳು ತೋರಿಸಿದ್ದು ಈ ಹುಡುಗಿ ಕಡೆ.

ಸುಷ್ಮಿತಾ ಆ ಮಿಲ್ಲಿನಲ್ಲಿ ಕಂಪ್ಯೂಟರ್, ಅಂದರೆ ಈ ಲ್ಯಾಪ್‌ಟಾಪ್, ನೋಡಿಕೊಳ್ತಿದ್ದಳು. ಜೋಳ ಎಷ್ಟು, ಹಿಂಡಿ ಎಷ್ಟು, ಬೂಸಾ ಎಷ್ಟು ಅನ್ನೋ ಲೆಕ್ಕವೆಲ್ಲ ನೋಟ್‌ಬುಕ್ ಅನ್ನೋ ಪ್ರೋಗ್ರಾಮ್‌ನಲ್ಲಿ. ಸ್ಕ್ರೀನ್ ಮೇಲಿನ ಡಬ್ಬಿಗಳಲ್ಲಿ ಕೋಡ್ ಬರೆದು ಓಡಿಸಿದರೆ ಮಿಕ್ಸರ್ ಮಿಷನ್ ಅದು ಹೇಳಿದಷ್ಟು ಸುರಿಯುತ್ತೆ. ಜೊತೆಗೆ ಬೆಂಗಳೂರಿನ ಒಂದು ಕಂಪನಿಗೆ ಅವಳು ಟೆಸ್ಟಿಂಗ್ ಮಾಡ್ತಿದ್ದಳು. ಕೋಡ್ ಬರೆಯುವಾಗ ಅರ್ಧ ಹೆಸರು ಟೈಪ್ ಮಾಡಿ ಟ್ಯಾಬ್ ಒತ್ತಿದರೆ ಉಳಿದದ್ದು ತಾನೇ ತುಂಬಿಕೊಳ್ಳುತ್ತಂತೆ. ಅದು ಪೈಥಾನ್ ಭಾಷೆಯಲ್ಲಿ ಸರಿಯಾಗಿ ಬರುತ್ತಾ, ಜೂಲಿಯಾ ಭಾಷೆಯಲ್ಲಿ ಬರುತ್ತಾ ಅಂತ ನೋಡೋ ಕೆಲಸ.

ರಾಜಶೇಖರನಿಗೆ ಅಷ್ಟೇ ಸಾಕಾಯ್ತು.

"ಟ್ಯಾಬ್ ಟೆಸ್ಟು ಅಂತ ನನ್ನ ಲೆಕ್ಕದ ಜತೆ ಆಟ ಆಡವ್ಳೆ ಮೇಡಂ. ಅದು ತಾನೇ ತಪ್ಪು ನಂಬರ್ ತುಂಬ್ಕೊಂಡೈತೆ!" ಅಂತ ಎಸ್‌ಐ ಸಾವಿತ್ರಮ್ಮನ ಮುಂದೆ ಕಣ್ಣೊರೆಸಿಕೊಂಡ.

ಜನ ನಂಬಿದರು. ಅದಕ್ಕಿಂತ ಕೆಟ್ಟದ್ದು ಏನು ಗೊತ್ತಾ? ಸುಷ್ಮಿತಾನೇ ನಂಬಿದ್ದಳು.

ಇವತ್ತು ಬೆಳಿಗ್ಗೆ ಮಿಲ್ಲಿಗೆ ಹೋದಾಗ ಖಾಲಿ ಮೂಟೆಗಳ ಮೇಲೆ ಕೂತು ಅಳ್ತಿದ್ದಳು. "ನನ್ನಿಂದಾನೇ ಆಯ್ತೇನೋ ಅಕ್ಕಾ... ಟ್ಯಾಬ್ ಒತ್ತಿ, ಮೊದಲು ಬಂದಿದ್ದಕ್ಕೆ ಎಂಟರ್ ಹೊಡೆಯೋ ಚಾಳಿ ನಂದು. ಕೈ ತಾನೇ ಹೋಗುತ್ತೆ."

ನಿಜ ಹೇಳ್ತೀನಿ, ನನಗೂ ಅನುಮಾನ ಬಂತು. ಈ ಹುಡುಗಿಯೇ ಕೊಂದಿದ್ದರೆ? ಅದನ್ನೂ ನಾನೇ ಬರೆದು ಕೊಡಬೇಕಲ್ಲ!

"ಅತ್ತಿದ್ದು ಸಾಕು. ತೆಗೆದು ನೋಡು."

ಅವಳ ಟೆಸ್ಟು ಹೀಗೆ. ಒಂದೊಂದೇ ಅಕ್ಷರ ಒತ್ತಿ ಟ್ಯಾಬ್ ಹೊಡೆಯೋದು. ಎರಡು ಭಾಷೆಯಲ್ಲೂ ಒಂದೇ ಹೆಸರುಗಳು ಬರಬೇಕು. ಪೈಥಾನ್ ತೆರೆದಳು. ಏನೂ ಬರಲಿಲ್ಲ.

"ಯಾರೋ ರೀಸ್ಟಾರ್ಟ್ ಮಾಡಿದ್ದಾರೆ ಅಕ್ಕಾ. ಕರ್ನಲ್‌ಗೆ ಏನೂ ನೆನಪಿಲ್ಲ."

"ಕರ್ನಲ್ ಅಂದ್ರೆ?"

"ಒಳಗೆ ಕೂತು ಕೋಡ್ ಓಡಿಸೋದು. ಭಾಷೆಗೊಂದು ಕರ್ನಲ್. ಬರೆದ ಸಾಲನ್ನ ಸ್ಕ್ರೀನಿಂದ ಅಳಿಸಿದ್ರೂ ಅದಕ್ಕೆ ನೆನಪಿರುತ್ತೆ. ರೀಸ್ಟಾರ್ಟ್ ಮಾಡಿದ್ರೆ, ಇಲ್ಲಾ ಕಂಪ್ಯೂಟರ್ ಆಫ್ ಆದ್ರೆ, ಮರೆತುಬಿಡುತ್ತೆ."

ಅರ್ಥ ಆಯ್ತು. ಬಾನಿ ತೊಳೆದರೂ ಹಸು ತಿಂದಿದ್ದು ಹೊಟ್ಟೆಯಲ್ಲಿರುತ್ತೆ. ನನ್ನ ಅನ್ನವೇ ಅದು!

"ಇನ್ನೊಂದರ ಹೊಟ್ಟೆ ಕೊಯ್ಯಿ."

ಜೂಲಿಯಾ ಕಿಟಕಿ ತೆರೆದಳು. ಎ, ಟ್ಯಾಬ್. ಬಿ, ಟ್ಯಾಬ್. ಹಾಗೇ ಬಂದು ಬಂದು ಆರ್ ಒತ್ತಿದಳು...

ಒಂದು ಹೆಸರು ಇಳಿಯಿತು. ಆರ್‌ಎಸ್ ಯೂರಿಯಾ!

ಅದಕ್ಕೆ ಯಾವ ನಂಬರ್ ಕೊಟ್ಟಿದೆ ಅಂತ ಕೇಳಿದಳು. ಐದು. ನೂರು ಕೇಜಿಗೆ ಐದು ಕೇಜಿ!

ಸುಷ್ಮಿತಾ ಸ್ಕ್ರೀನನ್ನ ನನ್ನ ಕಡೆ ತಿರುಗಿಸಿದಳು. "ನಾನು ಹೀಗೆ ಹೆಸರಿಡಲ್ಲ ಅಕ್ಕಾ! ಆ ಫೀಡ್ ಬೆರೆಸಿದ್ದು ಭಾನುವಾರ, ಅವತ್ತು ನಾನು ಬಂದೇ ಇಲ್ಲ. ರಾಜಶೇಖರ್ ಸಾರೇ ಬಂದು ಮೊದಲು ತಪ್ಪು ಕಿಟಕಿಯಲ್ಲಿ, ಈ ಜೂಲಿಯಾದಲ್ಲಿ, ಓಡಿಸಿದ್ದಾರೆ. ಆ ಒಂದು ಸಾಲು ಎರಡು ಭಾಷೆಯಲ್ಲೂ ಒಂದೇ ಥರ, ಎರರ್ ಬರಲ್ಲ. ಮಿಕ್ಸರ್ ನಡೆಯೋದು ಪೈಥಾನಿಂದ ಮಾತ್ರ. ಅದು ಅಲ್ಲಾಡದೇ ಇದ್ದಾಗ ಇಲ್ಲಿಂದ ಅಳಿಸಿ, ಪೈಥಾನಲ್ಲಿ ಓಡಿಸಿದ್ದಾರೆ. ಆಮೇಲೆ ಪೈಥಾನನ್ನ ಮಾತ್ರ ರೀಸ್ಟಾರ್ಟ್ ಮಾಡಿದ್ದಾರೆ. ಯಾವ ಕರ್ನಲ್ ಅಂತ ಮೇಲೆ ಬಲಮೂಲೆಯಲ್ಲಿ ಬರೆದಿರುತ್ತೆ. ಅವರು ಯಾವತ್ತೂ ನೋಡಲ್ಲ!"

"ಅಷ್ಟೊಂದು ಯೂರಿಯಾ ಯಾಕೆ?"

"ಹಿಂಡಿ ದುಬಾರಿ ಅಕ್ಕಾ. ಯೂರಿಯಾ ಸುರಿದ್ರೆ ಲ್ಯಾಬ್‌ನಲ್ಲಿ ಪ್ರೋಟೀನ್ ಜಾಸ್ತಿ ಅಂತ ಬರುತ್ತೆ."

ಸಾವಿತ್ರಮ್ಮನಿಗೆ ಫೋನ್ ಹಚ್ಚಿದೆ. ಫೋಟೋ ಕಳಿಸ್ಲಾ ಅಂದೆ.

"ಫೋಟೋ ಬೇಡ ಕಣ್ರೀ, ಅಂಥ ಸುಳ್ಳು ಫೋಟೋ ನನ್ನ ಮಗಾನೂ ಮಾಡ್ತಾನೆ! ಲ್ಯಾಪ್‌ಟಾಪನ್ನೇ ತನ್ನಿ. ಭಾಗಮ್ಮನ ಮನೇಲಿ ಮಹಜರ್ ಐತೆ, ಅಲ್ಲೇ ಇರ್ತೀನಿ. ಬರ್ಲಿಲ್ಲ ಅಂದ್ರೆ ಹುಡುಗೀನ ಕರ್ಕೊಂಡು ಹೋಗ್ಲೇಬೇಕು."

ಅಷ್ಟರಲ್ಲಿ ಗೇಟಿನಲ್ಲಿ ಜೀಪಿನ ಹಾರ್ನ್. ಹಿಂದಿನ ಬಾಗಿಲಿಂದ ಓಡಿದೆವು. ಚಾರ್ಜರ್ ಗೋಡೆಯಲ್ಲೇ ಉಳಿಯಿತು!

ಈಗ ಎಡಕ್ಕೆ ಹಳೇಬೀಡಿನ ಕೆರೆ. ಹಿಂದೆ ಜೀಪು.

"ಅಕ್ಕಾ, ಬ್ಯಾಟರಿ ಕೆಂಪಾಯ್ತು!"

ಜೀಪು ಪಕ್ಕಕ್ಕೇ ಬಂತು. ರಾಜಶೇಖರ್ ಕಿಟಕಿಯಿಂದ ತಲೆ ಹಾಕಿದ. "ಏಯ್ ಮಂಜುಳಾ! ಅದನ್ನ ಕೆರೆಗೆ ಎಸಿ! ಇಲ್ಲಾಂದ್ರೆ ನಿಮ್ಮಿಬ್ರನ್ನೂ ಎಸೀತೀನಿ!"

"ನಂಗೆ ಈಜು ಬತ್ತೈತೆ ಕಣೋ!"

ಬಾಯಿಗೆ ಬಂದಿದ್ದು ಹೇಳಿದೆ. ಈಜು ನನಗೆ ಬರಲ್ಲ.

ದೇವಸ್ಥಾನದ ಮುಂದೆ ಟೂರಿಸ್ಟ್ ಬಸ್ಸೊಂದು ರಿವರ್ಸ್ ತಗೊಳ್ತಿತ್ತು. ಕ್ಲೀನರ್ ಬಸ್ಸಿನ ಮೈ ತಟ್ಟುತ್ತಾ "ಬರ್ಲಿ... ಬರ್ಲಿ..." ಅಂತಿದ್ದ. ಬಸ್ಸಿಗೂ ಎಳನೀರಿನ ಗಾಡಿಗೂ ನಡುವೆ ಒಂದು ಸಂದಿ. ಕಣ್ಣು ಮುಚ್ಚಿ ನುಗ್ಗಿದೆ! ಮೊಣಕೈ ತರಚಿತು. ಎಳನೀರಿನವನು ನಮ್ಮ ಮೂರು ತಲೆಮಾರನ್ನ ನೆನೆದ. ಹಿಂದೆ ಬ್ರೇಕ್ ಕಿರುಚಿದ ಸದ್ದು. ಜೀಪು ಬಸ್ಸಿನ ಹಿಂದೆ ಸಿಕ್ಕಿಕೊಂಡಿತು.

ಭಾಗಮ್ಮನ ಕೊಟ್ಟಿಗೆ ಮುಂದೆ ಗಾಡಿ ನಿಲ್ಲಿಸಿದೆ. ಖಾಲಿ ಗೂಟ. ಅದರ ಪಕ್ಕ ಕರು ಕಟ್ಟಿತ್ತು, ಅಂಬಾ ಅಂತ ಕೂಗ್ತಾನೇ ಇತ್ತು. ಸಾವಿತ್ರಮ್ಮ ಕುರ್ಚಿ ಹಾಕಿಕೊಂಡು ಕೂತಿದ್ದರು.

ಭಾಗಮ್ಮ ಸುಷ್ಮಿತಾನ ಮೇಲಿಂದ ಕೆಳಗೆ ನೋಡಿದಳು. "ಇವ್ಳೇನಾ? ಅವತ್ತು ನನ್ ಕೆಂದಿ ಮೂಸಿ ನೋಡಿ ಹಿಂದಕ್ಕೆ ಹೋಯ್ತು ಕಣವ್ವ. ತಿನ್ನು ಮುಂಡೇದೇ ಅಂತ ಗದರಿಸಿ ನಾನೇ ತಿನ್ನಿಸ್ದೆ. ಈ ಕೈನಾಗೇ..."

ಸುಷ್ಮಿತಾ ತಲೆ ತಗ್ಗಿಸಿದಳು. ಇಷ್ಟು ವರ್ಷ ಸತ್ತ ಹಸು ನೋಡಿದ್ದೀನಿ, ಈ ಮಾತು ಮಾತ್ರ ತಡೆಯಲಾಗಲಿಲ್ಲ.

"ಇದ್ರಲ್ಲಿ ಏನೈತೆ?" ಸಾವಿತ್ರಮ್ಮ ಕೇಳಿದರು.

"ಜೂಲಿಯಾ ಹೇಳ್ತಾಳೆ ಮೇಡಂ."

"ಅವಳ್ಯಾರ್ರೀ? ಅವಳನ್ನೂ ಕರೆಸಿ!"

ನಾನು ಬಾಯಿ ತೆರೆಯೋಷ್ಟರಲ್ಲಿ ಜೀಪು ಬಂತು. ರಾಜಶೇಖರ್ ನಗ್ತಾ ಇಳಿದ. ಪೊಲೀಸಿನವರ ಮುಂದೆ ಎಂಥಾ ಸಾಧು!

"ಮೇಡಂ, ಅದು ನನ್ನ ಮಿಲ್ಲಿಂದು. ಕೊಡಿ, ಏನೈತೆ ಅಂತ ನಾನೇ ತೋರಿಸ್ತೀನಿ."

ಕೊಡುವ ಮುಂಚೆ ಒಂದು ಕ್ಲಿಕ್ ಮಾಡಿದೆ. ಅಷ್ಟೇ.

"ತಗೊಳ್ಳಿ ಸಾರ್. ಒಳಗೆ ನಿಮ್ಮ ಸಾಲು ಇನ್ನೂ ಬದುಕಿದೆ."

"ಅಕ್ಕಾ!" ಸುಷ್ಮಿತಾ ಚೀರಿದಳು. ಅವಳ ಕಾಲು ತುಳಿದೆ.

ರಾಜಶೇಖರನ ಬೆರಳು ಓಡಿತು. ಸೀದಾ ಮೆನುಗೆ. ರೀಸ್ಟಾರ್ಟ್! ಒಂದು ಅನುಮಾನವಿಲ್ಲ. ಆಮೇಲೆ ಸ್ಕ್ರೀನನ್ನ ಎಲ್ಲರ ಕಡೆ ತಿರುಗಿಸಿದ.

"ನೋಡಿ ಮೇಡಂ, ಏನೂ ಇಲ್ಲ! ಇವರದ್ದೆಲ್ಲಾ ಬರೀ ನಾಟಕ."

"ಸಾರ್, ಬಲಮೂಲೆ ಓದಿ."

ಓದಿದ. ಮುಖದ ನಗು ಹಾಗೇ ನಿಂತಿತು.

ಪೈಥಾನ್.

ನನ್ನ ಒಂದು ಕ್ಲಿಕ್ ತಂದಿಟ್ಟಿದ್ದು ಆ ಕಿಟಕಿ. ಆಗಲೇ ತೊಳೆದಿಟ್ಟಿದ್ದ ಬಾನಿಯನ್ನೇ ಇನ್ನೊಂದು ಸಲ ತೊಳೆದಿದ್ದ!

ಲ್ಯಾಪ್‌ಟಾಪ್ ಕಿತ್ತುಕೊಂಡು ಸುಷ್ಮಿತಾ ಕೈಗೆ ಕೊಟ್ಟೆ. ಜೂಲಿಯಾ ಕಿಟಕಿ. ಆರ್. ಟ್ಯಾಬ್.

ಆರ್‌ಎಸ್ ಯೂರಿಯಾ. ಐದು.

"ಅದು... ಅದನ್ನ ಅವತ್ತೇ ಅಳಿಸಿದ್ನಲ್ಲಾ!"

ಅವನ ಬಾಯಿಂದಲೇ ಬಂತು.

ಸಾವಿತ್ರಮ್ಮ ಕುರ್ಚಿಯಿಂದ ಎದ್ದರು. "ಯಾವತ್ತು ಅಳಿಸಿದ್ರಿ? ಸ್ಟೇಷನ್‌ಗೆ ಬಂದು ನಿಧಾನಕ್ಕೆ ಹೇಳಿ. ಮಿಲ್ಲಿಗೆ ಬೀಗ ಹಾಕಿಸ್ತೀನಿ, ಒಂದು ಮೂಟೆ ಹೊರಗೆ ಹೋಗಂಗಿಲ್ಲ."

ಆಗಲೇ ಸ್ಕ್ರೀನ್ ಕಪ್ಪಾಯಿತು. ಜೂಲಿಯಾ ಹೇಳೋದು ಹೇಳಿ ಕಣ್ಣು ಮುಚ್ಚಿದಳು.

ಸುಷ್ಮಿತಾ ನೆಲದ ಮೇಲೆ ಕೂತಳು. "ನಾನಲ್ಲ ಅಕ್ಕಾ... ನಾನಲ್ಲ..." ಅದನ್ನೇ ಹೇಳ್ತಿದ್ದಳು. ಭಾಗಮ್ಮ ಹತ್ತಿರ ಬಂದು ಅವಳ ತಲೆ ಮೇಲೆ ಕೈಯಿಟ್ಟಳು. ಅದೇ ಕೈ. ಆಮೇಲೆ ಕರುವಿನ ಕಡೆ ಹೋದಳು. ಗೆದ್ದೆ ಅಂತ ನನಗೆ ಅನ್ನಿಸಲೇ ಇಲ್ಲ. ಗೂಟ ಖಾಲಿಯೇ ಇತ್ತು.

ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ಸಾವಿತ್ರಮ್ಮ ಪೆನ್ನು ತೆಗೆದರು. "ಹೆಸರು ಹೇಳ್ರೀ."

"ಆರ್‌ಎಸ್..." ಅಂದ, ಚಾಳಿ ಬಿಡದೆ.

ಕಂಡಕಂಡಲ್ಲಿ ಹೆಸರು ಹಾಕಿಸಿಕೊಳ್ಳೋ ಹುಚ್ಚು ಅವನಿಗೆ. ಎಫ್‌ಐಆರ್‌ನಲ್ಲೂ ಬಂತು... ಬರೀ ಎರಡಕ್ಷರ ಅಲ್ಲ, ಅಪ್ಪನ ಹೆಸರ ಸಮೇತ!