ಹೊಸಿಲಿಗೆ ಅಡ್ಡ ಕೂತ ಅಜ್ಜಿ

೨೦೨೪ರ ಆಗಸ್ಟ್ ೧೧, ಭಾನುವಾರ, ಬೆಳಗ್ಗೆ ಏಳೂಕಾಲು ಗಂಟೆ. ಹನಗೋಡಿನ ಮನೆಯ ಹೊಸಿಲಿಗೆ ಅಡ್ಡ ಕಾಲು ಚಾಚಿ ಅಜ್ಜಿ ಚಿಕ್ಕಬಸಮ್ಮ ಸೊಪ್ಪು ಬಿಡಿಸುತ್ತಿದ್ದಳು.

"ಜಾಗ ಬುಡಜ್ಜಿ. ಅಮ್ಮ ವಾಕಿಂಗ್ ಓಗ್ಬೇಕು," ಎಂದಳು ಚಿನ್ನು.

"ಆಪ್ರೇಸನ್ ಆಗಿ ಮೂರೇ ದಿನ. ವಾಕಿಂಗಂತೆ!"

ಒಳಗೆ ಅಮ್ಮ ಸುಕನ್ಯ ಕಿವಿಗೆ ಬಟ್ಟೆ ಸುತ್ತಿಕೊಂಡು ಮೆಣಸಿನ ಸಾರು ಕುಡಿಯುತ್ತಿದ್ದಳು. ಎಲ್ಲವೂ ಅಜ್ಜಿಯ ಆಜ್ಞೆ.

"ಅಮ್ಮ ಏನು ಮಗು ಹೆತ್ತವ್ಳಾ? ಬಾಣಂತಿ ತರ ಮಾಡಿದ್ದೀಯಲ್ಲ!"

ಅಮ್ಮ ನಕ್ಕು, ತಕ್ಷಣ ಹೊಟ್ಟೆ ಹಿಡಿದುಕೊಂಡಳು. "ನಗಿಸ್ಬೇಡ ಕಣೇ, ನೋಯ್ತದೆ."

ಅಮ್ಮನ ಗರ್ಭಕೋಶದಲ್ಲಿ ಗಡ್ಡೆಗಳು ಬೆಳೆದಿದ್ದವು. ಪ್ರತಿ ತಿಂಗಳೂ ರಕ್ತ ಹೆಚ್ಚು ಹೋಗಿ ಸುಸ್ತಾಗುತ್ತಿತ್ತು. ಮೈಸೂರಿನ ಡಾಕ್ಟರು ಹೊಟ್ಟೆಗೆ ನಾಲ್ಕು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಟೀವಿಯಲ್ಲಿ ನೋಡುತ್ತಾ ಗಡ್ಡೆಗಳನ್ನು ತೆಗೆದಿದ್ದರು.

"ಟೀವಿ ನೋಡ್ಕಂಡು ಆಪ್ರೇಸನ್ನಂತೆ! ಆ ಡಾಕ್ಟ್ರಮ್ಮ ಸೀರಿಯಲ್ ನೋಡ್ತಿದ್ಲೋ ಏನೋ," ಎಂದಳು ಅಜ್ಜಿ.

"ಮಲಗೇ ಇದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ತದಂತೆ ಅಜ್ಜಿ! ದಿನಾ ನಡೀಲೇಬೇಕು ಅಂದವ್ರೆ."

ಅಜ್ಜಿಯ ಕೈ ನಿಂತಿತು. "ನಂಗೂ ಇದೇ ಗಡ್ಡೆ ಇತ್ತು ಕಣವ್ವ. ಇಲ್ಲಿಂದ ಇಲ್ಲಿಗಂಟ ಕುಯ್ದಿದ್ರು." ಅವಳು ಒಂದು ಗೇಣು ಅಳೆದು ತೋರಿಸಿದಳು. "ಎಂಟ್ನೇ ದಿನ ಬಾವಿ ನೀರು ಸೇದ್ದೆ. ಆಕಿದ್ದ ಒಲಿಗೆ ಬುಟ್ಕತು. ಸತ್ತೇ ಓಯ್ತಿದ್ದೆ. ಆಗ ನಿಮ್ಮಮ್ಮ ನಿನ್ನಷ್ಟೇ ಇದ್ಲು."

ಚಿನ್ನು ಇದುವರೆಗೆ ಅಜ್ಜಿಗೆ ಹಟ ಎಂದುಕೊಂಡಿದ್ದಳು. ಅದು ಹಟವಲ್ಲ, ಹೆದರಿಕೆ.

ಅವಳು ಅಜ್ಜಿಯ ಪಕ್ಕದಲ್ಲಿ ಕೂತಳು. "ಅಮ್ಮ ನೀರು ಸೇದಲ್ಲ ಅಜ್ಜಿ. ಭಾರ ಎತ್ಬಾರ್ದು ಅಂತ ಡಾಕ್ಟ್ರೂ ಹೇಳವ್ರೆ. ಬರೀ ನಡೀತಾಳೆ. ನೀನೇ ಕೈ ಹಿಡ್ಕಂಡು ಬಾ."

"ಬಿದ್ಗಿದ್ದಾಳು..."

"ನೀನು ಹಿಡ್ಕಂಡ್ರೆ ಎಲ್ಲಿ ಬೀಳ್ತಾಳೆ?"

ಅಜ್ಜಿ ಮಗಳನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕಾಲು ಮಡಚಿಕೊಂಡಳು. "ಡೈರಿಗಂಟ ಅಷ್ಟೇಯ."

ಬೀದಿಯಲ್ಲಿ ಪಕ್ಕದ ಮನೆಯ ಜಯಲಕ್ಷ್ಮಮ್ಮ ಹಾಲಿನ ಕ್ಯಾನು ಹಿಡಿದು ಎದುರಾದಳು. "ಏನ್ ಚಿಕ್ಕಬಸಮ್ನೋರೆ, ಮಗ್ಳಿಗೆ ನಡಿಯಾಕ್ ಕಲಿಸ್ತಿದ್ದೀರಾ?"

"ಊಂ ಕಣವ್ವ, ಎರಡ್ನೇ ಸಲ," ಎಂದಳು ಅಜ್ಜಿ.

ಅಮ್ಮನಿಗೆ ಮತ್ತೆ ನಗು ಬಂತು. ಈ ಸಲ ಅವಳು ಹೊಟ್ಟೆ ಹಿಡಿದುಕೊಳ್ಳಲಿಲ್ಲ. ಅಜ್ಜಿಯ ಕೈಯನ್ನೇ ಬಿಗಿಯಾಗಿ ಹಿಡಿದುಕೊಂಡಳು.

ಚಿನ್ನು ಹಿಂದೆ ಹಿಂದೆ ಹೆಜ್ಜೆ ಎಣಿಸುತ್ತಾ ಬಂದಳು. ಹೋಗಿ ಬಂದದ್ದು ಮುನ್ನೂರ ಅರವತ್ತು ಹೆಜ್ಜೆ. ಅವಳ ಒಂದು ಹೆಜ್ಜೆ ಅರ್ಧ ಮೀಟರ್.

ಅಮ್ಮ ನಡೆದದ್ದು ನೂರ ಎಂಬತ್ತು ಮೀಟರ್.