ಮುಚ್ಚಳದ ಒಳಗಿನ ಹನಿ

"ಹೊರಟೆಯಾ ಮಹಾರಾಣಿ, ಪದ್ಯ ಹೊಸೆಯೋಕೆ? ನನ್ನ ಮಗ ಎಲ್ಲಿದಾನೋ ಏನೋ... ಇವಳಿಗೆ ಪದ್ಯವಂತೆ, ಪದ್ಯ!"

ಮುದುಕಿ ಹತ್ಸುಯೊಳ ಮಾತು ತಾತ್ಕಾಲಿಕ ಮನೆಯ ತೆಳು ಗೋಡೆ ದಾಟಿ ನೆರೆಯವರಿಗೂ ಕೇಳಿಸಿತು. ಸೊಸೆ ಚಿಗುಸಾ ತುಟಿ ಕಚ್ಚಿಕೊಂಡು ಶಾಲು ಹೊದ್ದಳು. ಸುನಾಮಿ ಊರನ್ನು ನುಂಗಿ ಎರಡು ಚಳಿಗಾಲ ಕಳೆದಿದ್ದವು. ದೋಣಿ ಉಳಿಸಲೆಂದು ಅಲೆಗೆ ಎದುರಾಗಿ ಹೋದ ಅವಳ ಗಂಡ ಶಿಗೆರುವಿನ ದೇಹವೂ ಸಿಕ್ಕಿರಲಿಲ್ಲ.

"ಅತ್ತೆ, ಭಾನುವಾರ ನಮ್ಮಣ್ಣ ನನ್ನ ತವರಿಗೆ ಕರ್ಕೊಂಡು ಹೋಗೋಕೆ ಬರ್ತಾನೆ. ಅಷ್ಟರಲ್ಲಿ ಅವರ ಕರ್ಮ ಮಾಡಿಸೋಣ ಅಂತ ಮಠದ ಗುರುಗಳು..."

"ಬಾಯ್ಮುಚ್ಚು! ಬದುಕಿರೋ ಮಗನಿಗೆ ಯಾರಾದ್ರೂ ಕರ್ಮ ಮಾಡ್ತಾರಾ? ನಿಂಗೆ ಓಡಿಹೋಗೋ ಆತುರ, ಹೋಗು!"

ಬದುಕಿದ್ದಾನೆ ಎನ್ನಲು ಅವಳಿಗಿದ್ದದ್ದು ಒಂದೇ ಆಧಾರ. ದೂರ ಹೋದವನಿಗೂ ಮನೆಯಲ್ಲಿ ಊಟ ಬಡಿಸಿಡುವುದು ಅಲ್ಲಿನ ಪದ್ಧತಿ. ಸಾರಿನ ಬಟ್ಟಲ ಮುಚ್ಚಳದೊಳಗೆ ಹನಿ ಕೂತಿದ್ದರೆ ಅವನು ಕ್ಷೇಮ ಎಂದು ನಂಬಿಕೆ. ಒಂದು ದಿನ ಮುಚ್ಚಳ ಒಣಗಿತ್ತು... ಮುದುಕಿ ಅಂದು ತೊಟ್ಟು ನೀರನ್ನೂ ಮುಟ್ಟಲಿಲ್ಲ! ಅಂದಿನಿಂದ ಅತ್ತೆ ಅತ್ತ ತಿರುಗಿದ್ದೇ ತಡ, ಚಿಗುಸಾ ನೀರಿಗೆ ಬೆರಳದ್ದಿ ಮುಚ್ಚಳದೊಳಗೆ ಚಿಮುಕಿಸುತ್ತಿದ್ದಳು. ಬೈಗುಳ ತಿಂದ ದಿನವೂ.

"ನಿಲ್ಲೇ, ನಾನೂ ಬರ್ತೀನಿ," ಎಂದಳು ಹತ್ಸುಯೊ, ಇದ್ದಕ್ಕಿದ್ದಂತೆ. "ಅಲ್ಲಿ ಸ್ಟೋವ್ ಹಚ್ಚಿರ್ತಾರಂತೆ. ಚಳಿ ಕಾಯಿಸಿಕೊಳ್ಳೋಕೆ, ಅಷ್ಟೆ."

ಪದ್ಯದ ಕೂಟ ಸೇರುತ್ತಿದ್ದದ್ದು ಆ ಮನೆಗಳ ನಡುವಿನ ಸಭಾಕೋಣೆಯಲ್ಲಿ. ಮುಂಚೆಯೇ ಬಂದ ಪದ್ಯಗಳನ್ನು ಓನೊದೆರಾ ಮೇಷ್ಟ್ರು ಹೆಸರು ಹಾಕದೆ, ತಮ್ಮ ಕೈಯಲ್ಲೇ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಎಲ್ಲರೂ ಸೇರಿ ಒಂದನ್ನು ಆರಿಸಬೇಕು. ಬರೆದವರು ಆಮೇಲೆಯೇ ಎದ್ದು ಹೆಸರು ಹೇಳಬೇಕು.

"ನಮ್ಮ ಪದ್ಯ ಹಾಳಾಗ್ಲಿ, ನಿಮ್ಮ ಅಕ್ಷರ ನೋಡೋಕಾದ್ರೂ ಬರಬೇಕು ಮೇಷ್ಟ್ರೇ!" ಎಂದು ಯಾರೋ ನಗಿಸಿದರು. ಮೇಷ್ಟ್ರು ಕೊನೆಯದನ್ನು ಓದುವಾಗ ಆ ನಗು ಉಳಿದಿರಲಿಲ್ಲ.

ಮುಚ್ಚಳದ ಹನಿ
ತಣ್ಣಗಿದೆ, ಬಲ್ಲೆ ನಾನು
ಸೊಸೆಯ ಬೆರಳನ್ನು.
ಮಗ ಬದುಕಿದ್ದಾನೆಂದು
ದಿನವೂ ತೆರೆಯುತ್ತೇನೆ.

ಚಿಗುಸಾ ತನ್ನ ಬೆರಳನ್ನೇ ನೋಡಿಕೊಂಡಳು. ಆ ಪದ್ಯಕ್ಕೆ ಒಬ್ಬೊಬ್ಬರದೇ ಕೈ ಮೇಲೆದ್ದಿತು. ಎಲ್ಲರದೂ.

"ಬರೆದವರು ಯಾರು?"

ಪಕ್ಕದಲ್ಲಿ ಮುದುಕಿಯ ಮಂಡಿ ಚಟಕ್ ಎಂದಿತು. ಎದ್ದು ನಿಂತಳು. "ಹತ್ಸುಯೊ."

"ಅತ್ತೆ...! ನಿಮಗೆ ಗೊತ್ತಿತ್ತಾ?"

"ಸಾರಿನ ಹಬೆ ಹಂಗೆ ತಣ್ಣಗೆ ಕೊರೆಯುತ್ತೇನೇ ಹುಚ್ಚಿ? ಮೊದಲ ದಿನವೇ ಗೊತ್ತಾಯ್ತು. ಬಾಯಿಬಿಟ್ಟು ಹೇಳಿದ್ರೆ ಅವನು ನಿಜವಾಗ್ಲೂ ಸತ್ತೇ ಹೋಗ್ತಾನೇನೋ ಅಂತ ಭಯ... ಅದಕ್ಕೇ ನಿನ್ನ ಬೈತಿದ್ದೆ. ಪದ್ಯದಲ್ಲಾದ್ರೆ ಹೇಳ್ಬಹುದು ಅನ್ನಿಸ್ತು."

ಮುದುಕಿ ಮತ್ತೆ ಕೂರುತ್ತಿದ್ದಂತೆ ಸೊಸೆ ಅವಳ ಮಡಿಲಿಗೆ ಮುಖ ಹುದುಗಿಸಿ ಬಿಕ್ಕಿದಳು. ಮುದುಕಿ ಆ ತಲೆ ಸವರುತ್ತ ಸವರುತ್ತ ಹೇಳಿದಳು: "ಶನಿವಾರ ಕರ್ಮ ಆಗ್ಲಿ. ಭಾನುವಾರ ಅಣ್ಣನ ಜೊತೆ ಹೋಗು. ನಿಂಗಿನ್ನೂ ವಯಸ್ಸಿದೆ, ಮಗಳೇ."

"ನೀವೊಬ್ಬರೇ ಹೇಗೆ..."

"ಒಬ್ಬಳೇ ಎಲ್ಲಿ? ಈ ಅರೆಬೆಂದ ಕವಿಗಳೆಲ್ಲ ಇದಾರಲ್ಲ!"

ಅಳುತ್ತಲೇ ಎಲ್ಲರೂ ನಕ್ಕರು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕುಂಚ ಎತ್ತಿದರು. "ಗೆದ್ದವರೇ ಮುಂದಿನ ವಾರದ ವಿಷಯ ಕೊಡಬೇಕು, ಹತ್ಸುಯೊ ಅವರೇ. ಯಾವುದು?"

ಹೂವು, ಹಿಮ, ಬಾಲ್ಯ... ಆ ಕೂಟದಲ್ಲಿ ಎಲ್ಲದರ ಮೇಲೂ ಬರೆದಿದ್ದರು. ಒಂದನ್ನು ಬಿಟ್ಟು.

"ಸಮುದ್ರ," ಎಂದಳು ಹತ್ಸುಯೊ.

ಮೇಷ್ಟ್ರ ಕುಂಚ ತುಸು ಹೊತ್ತು ಗಾಳಿಯಲ್ಲೇ ನಿಂತಿತು. ಆಮೇಲೆ ಬರೆಯಿತು.