ಮೊದಲ ಹೆಸರು ತಮ್ಮನದು

ಮೊದಲ ಕುರ್ಚಿ ಹಾರಿ ಬಂದಾಗ ಅಕ್ಮರಾಲ್ ತನ್ನ ಪುಸ್ತಕದಲ್ಲಿ "ಕಡುಹಸಿರು ರೇಷ್ಮೆ ಅಂಗಿ, ಬೆಳ್ಳಿ ಓಲೆ" ಅಂತ ಬರೆದುಕೊಳ್ಳುತ್ತಿದ್ದಳು.

ಕಿರ್ಗಿಜ್ ದೇಶದ ರಾಜಧಾನಿ ಬಿಷ್ಕೆಕ್‌ನ ಒಂದು ಕೆಫೆಯ ಅಂಗಳ. ಮಧ್ಯಾಹ್ನ ಮೂರು ಗಂಟೆ. ಗಾಯಕಿ ಕುಂದುಜ್ ಮೂರು ತಂತಿಯ ತನ್ನ ಕೊಮುಜ್ ಹಿಡಿದು ಎರಡನೇ ಹಾಡು ಮುಗಿಸಿದ್ದಳಷ್ಟೆ. ಅವಳು ಏನು ತೊಟ್ಟಿದ್ದಾಳೆ, ಯಾರ ಜೊತೆ ಬಂದಿದ್ದಾಳೆ ಅಂತ ನಾಲ್ಕು ಸಾಲು ಬರೆಯುವುದು ಅಕ್ಮರಾಲ್‌ಳ ಕೆಲಸ. ತಾರೆಯರ ಮದುವೆ, ಜಗಳ, ಉಡುಗೆಗಳ ಸುದ್ದಿಯನ್ನೇ ನಂಬಿದ ಒಂದು ಸುದ್ದಿತಾಣದಲ್ಲಿ ಆರು ವರ್ಷದಿಂದ ಅವಳ ಜೀವನ ನಡೆದಿತ್ತು.

ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿದ ಹತ್ತು ಹನ್ನೆರಡು ಗಂಡಸರು ನುಗ್ಗಿದರು. ಮೇಜುಗಳು ಮಗುಚಿದವು. ಒಬ್ಬ ವೇದಿಕೆ ಹತ್ತಿ, ಕುಂದುಜ್‌ಳ ಜಡೆಯನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡು ಕೆಳಕ್ಕೆ ಎಳೆದ. ಅವಳ ಹಣೆ ಮೆಟ್ಟಿಲಿಗೆ ಬಡಿದ ಸದ್ದು ಅಕ್ಮರಾಲ್‌ಳ ಹಲ್ಲುಗಳಲ್ಲಿ ಕೇಳಿಸಿತು.

ಅಕ್ಮರಾಲ್ ಹುಟ್ಟಿದಾಗಿನಿಂದ ಯಾರಿಗೂ ಹೊಡೆದವಳಲ್ಲ. ಆದರೆ ಪಕ್ಕದಲ್ಲಿ ಚಹಾಕ್ಕೆ ಕುದಿಯುತ್ತಿದ್ದ ದೊಡ್ಡ ಕೆಟಲ್ ಯಾವಾಗ ಅವಳ ಕೈಗೆ ಬಂತೋ... ಅವನ ಮೊಣಕೈಗೆ ಬೀಸಿಬಿಟ್ಟಳು. ಮೂಳೆ ಮುರಿದ ಸದ್ದಾಯಿತು. ಅರ್ಧ ನೀರು ಅವನ ಮೇಲೆ, ಇನ್ನರ್ಧ ಅವಳದೇ ತೋಳಿನ ಮೇಲೆ. ಉರಿ ಗೊತ್ತಾಗುವ ಮೊದಲೇ ಕುಂದುಜ್‌ಳನ್ನು ಪಾತ್ರೆ ತೊಳೆಯುವ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

ಚಿಲಕ ಇರಲಿಲ್ಲ. ಇಬ್ಬರೂ ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಹೊರಗಿನಿಂದ ಒದೆಗಳು ಬೀಳತೊಡಗಿದವು.

"ನೀವು ಯಾರು?" ಕುಂದುಜ್ ಕೇಳಿದಳು. ಹುಬ್ಬು ಸೀಳಿ ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು.

"ಪತ್ರಕರ್ತೆ. ತಾರೆಯರ ಸುದ್ದಿ ಬರೀತೀನಿ."

"ಓ... ನನ್ನ ಬಟ್ಟೆ ಬಗ್ಗೆ ಬರಿಯೋರು. ಕೆಟಲ್ ಬೀಸೋದನ್ನ ಎಲ್ಲಿ ಕಲಿತ್ರಿ?"

"ಈಗಲೇ ಕಲಿತೆ."

ಅಂಥ ಹೊತ್ತಿನಲ್ಲೂ ಕುಂದುಜ್ ನಕ್ಕಳು. ಪ್ರತಿ ಒದೆತಕ್ಕೂ ಇಬ್ಬರ ಭುಜ ತಾಗುತ್ತಿದ್ದವು. ಅಕ್ಮರಾಲ್‌ಳ ಎದೆ ಬಡಿದುಕೊಳ್ಳುತ್ತಿದ್ದುದು ಹೆದರಿಕೆಗೇ... ಆದರೆ ಬರೀ ಹೆದರಿಕೆಗೆ ಅಲ್ಲ ಅಂತ ಅವಳಿಗೆ ಅಲ್ಲೇ ಗೊತ್ತಾಗಿಹೋಯಿತು. ಇಪ್ಪತ್ತೊಂಬತ್ತು ವರ್ಷ ತನ್ನಿಂದ ತಾನೇ ಬಚ್ಚಿಟ್ಟುಕೊಂಡಿದ್ದ ವಿಷಯ ಅದು.

ಕುಂದುಜ್‌ಳ ಮೇಲೆ ಆ ಗಂಡಸರಿಗೆ ಯಾಕೆ ಅಷ್ಟು ಸಿಟ್ಟು? ಒಂದು ಹಾಡಿನಿಂದ. ಕಿರ್ಗಿಜ್ ಮಾತಿನಲ್ಲಿ ಅವನು, ಅವಳು ಅಂತ ಬೇರೆ ಬೇರೆ ಇಲ್ಲ, ಎರಡಕ್ಕೂ ಒಂದೇ ಪದ. ಎರಡು ಬೇಸಿಗೆ ಇಡೀ ದೇಶ ಮದುವೆ ಮನೆಗಳಲ್ಲಿ ಆ ಪ್ರೇಮಗೀತೆಗೆ ಕುಣಿಯಿತು. ಟೀವಿ ನಿರೂಪಕನೊಬ್ಬ ತಮಾಷೆಗೆ, ಹಾಡಿನಲ್ಲಿರೋ ಆ ಅದೃಷ್ಟವಂತ ಯಾರು ಅಂತ ಕೇಳಿದ. ಅದೊಂದು ಹುಡುಗಿ ಅಂತ ಕುಂದುಜ್ ಹೇಳಿದಳು. ಅಷ್ಟೇ. ಮರುದಿನದಿಂದ ರೇಡಿಯೋಗಳು ಅವಳ ಹಾಡು ನಿಲ್ಲಿಸಿದವು. ಅಲ್ಮಾತಿಯಿಂದ ತಾಷ್ಕೆಂಟ್‌ವರೆಗೆ ಬಾಗಿಲು ಹಾಕಿಕೊಂಡು ಹಾಡು ಕೇಳುವ ಹುಡುಗಿಯರ, ಹುಡುಗರ ಫೋನುಗಳಲ್ಲಿ ಮಾತ್ರ ಅವಳೇ ರಾಣಿಯಾದಳು. ಅವಳ ಹಾಗೆ ಹುಬ್ಬು ತೀಡಿದರು, ಅವಳ ಚಿತ್ರ ಬರೆದರು. ಇತ್ತ ಒಬ್ಬ ಸಂಸದ ಅವಳ ಫೋಟೋವನ್ನು ಸಂಸತ್ತಿನಲ್ಲಿ ಎತ್ತಿ ಹಿಡಿದು, ಇಂಥವರ ಹಾಡು, ಸುದ್ದಿ, ಚಿತ್ರ ಎಲ್ಲಕ್ಕೂ ಜೈಲು ಅನ್ನುವ ಮಸೂದೆ ತಂದ. ಅವನ ಹಿಂದೆ ವ್ಯಾಯಾಮಶಾಲೆಗಳ ಹುಡುಗರ ದಂಡೇ ಇತ್ತು.

ಆ ದಂಡಿನ ಒಂದು ವ್ಯಾಯಾಮಶಾಲೆಗೆ ಅಕ್ಮರಾಲ್‌ಳ ತಮ್ಮ ಎಲ್ದಿಯಾರ್ ಕೂಡ ಹೋಗುತ್ತಿದ್ದ.

ಅವನಿಗೆ ಇಪ್ಪತ್ತಮೂರು. ಅಮ್ಮ ಮಾಸ್ಕೋದಲ್ಲಿ ಆಸ್ಪತ್ರೆಯ ನೆಲ ಒರೆಸಲು ಹೋಗಿ ಹದಿನಾಲ್ಕು ವರ್ಷವಾಗಿತ್ತು. ಅವನಿಗೆ ಉಣಿಸಿ, ಜ್ವರ ಬಂದಾಗ ಎದ್ದು ಕೂತು, ಶಾಲೆಗೆ ಬಿಟ್ಟು ಬಂದವಳು ಅಕ್ಮರಾಲ್. ಅಂದು ಪೊಲೀಸರು ಬಂದು ಆ ಗಂಡಸರು ಚದುರಿದ ಮೇಲೆ, ಸುಟ್ಟ ತೋಳಿನೊಂದಿಗೆ ಅವಳು ಮನೆಗೆ ಬಂದಾಗ ಎಲ್ದಿಯಾರ್ ತಾನೇ ಮುಲಾಮು ಹಚ್ಚಿದ. ಅಂಥ ಕಡೆ ಯಾಕೆ ಹೋಗ್ತೀಯಾ ಎಜೆ ಅಂತ ಗದರಿದ. ಎಜೆ ಅಂದರೆ ಅಕ್ಕ. ಕೆಲಸ ಕಣೋ ಅಂದಳು ಅವಳು. ಅಲ್ಲಿಗೆ ಮಾತು ಮುಗಿಯಿತು.

ನಾಲ್ಕನೇ ದಿನ ಕುಂದುಜ್, ಹುಬ್ಬಿಗೆ ಆರು ಹೊಲಿಗೆ ಹಾಕಿಸಿಕೊಂಡು, ಸುದ್ದಿತಾಣದ ಕಚೇರಿಗೇ ಬಂದಳು. ಧನ್ಯವಾದ ಹೇಳಿ ಹೋಗುತ್ತೇನೆ ಅಂದವಳು ಮೂರು ಗಂಟೆ ಕೂತಳು. ಆಮೇಲೆ ಫೋನು, ಚಹಾ, ನಡಿಗೆ. ಹತ್ತನೇ ದಿನ ಕುಂದುಜ್‌ಳ ಅಡುಗೆಮನೆಯಲ್ಲಿ, ಅಕ್ಮರಾಲ್‌ಳ ತೋಳಿನ ಪಟ್ಟಿ ಬದಲಿಸುತ್ತಾ ಅವಳು ಬಾಗಿ ಆ ಸುಟ್ಟ ಗಾಯದ ಅಂಚಿಗೆ ತುಟಿ ಒತ್ತಿದಳು.

ಅಕ್ಮರಾಲ್ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.

ಅಲ್ಲಿಂದ ಅವರು ನೀವು ಅನ್ನುವುದನ್ನು ಬಿಟ್ಟರು.

ಬೆದರಿಕೆಗಳು ಹೆಚ್ಚಾದಾಗ ಕುಂದುಜ್ ನಗರ ಬಿಟ್ಟಳು. ಬೆಟ್ಟದ ಬುಡದ ಹಳ್ಳಿಯೊಂದರಲ್ಲಿ, ನೀಲಿ ಗೇಟಿನ ಹಳೆಯ ಮನೆಯಲ್ಲಿ ಹೊಸ ಹಾಡುಗಳನ್ನು ಧ್ವನಿಮುದ್ರಿಸಲು ಕೂತಳು. ಆ ಜಾಗ ಗೊತ್ತಿದ್ದುದು ಅಕ್ಮರಾಲ್ ಒಬ್ಬಳಿಗೇ. ಭಾನುವಾರ ಭಾನುವಾರ ಬಾಡಿಗೆ ವ್ಯಾನು ಹತ್ತಿ ಬ್ರೆಡ್ಡು, ಮಾಂಸ, ಬ್ಯಾಟರಿ ತೆಗೆದುಕೊಂಡು ಹೋಗುತ್ತಿದ್ದಳು. ಜನ್ಮದಲ್ಲಿ ಇಷ್ಟು ಸುಖ ಇದೆಯಾ ಅಂತ ವಾಪಸು ಬರುವಾಗ ಕಿಟಕಿಗೆ ಮುಖ ತಿರುಗಿಸಿ ಒಬ್ಬಳೇ ನಗುತ್ತಿದ್ದಳು.

ಆರನೇ ಭಾನುವಾರ ಅವಳು ಇಳಿದಾಗ ನೀಲಿ ಗೇಟು ಕಿತ್ತು ಬಿದ್ದಿತ್ತು.

ಅಂಗಳದಲ್ಲಿ ಕೊಮುಜ್ ತುಂಡು ತುಂಡಾಗಿತ್ತು. ಗೋಡೆಯ ಮೇಲೆ ಬಣ್ಣದಲ್ಲಿ ಹೊಲಸು ಮಾತು. ಕುಂದುಜ್ ಬಾವಿಕಟ್ಟೆಗೆ ಒರಗಿ ಕೂತಿದ್ದಳು. ಬಾಯಿ ಊದಿ ಆಕಾರ ಕಳೆದುಕೊಂಡಿತ್ತು. ಎಡಗೈಯ ಎರಡು ಬೆರಳು ಹಿಂದಕ್ಕೆ ತಿರುಚಿಕೊಂಡಿದ್ದವು; ಬಾವಿಕಟ್ಟೆಯ ಮೇಲೆ ಅವಳ ಕೈ ಇಟ್ಟು ಬೂಟುಗಾಲಿನಿಂದ ತುಳಿದಿದ್ದರು.

ಅಕ್ಮರಾಲ್ ಚೀಲ ಎಸೆದು ಓಡಿದಳು. ಹತ್ತಿರ ಬಂದವಳ ಕೆನ್ನೆಗೆ ಕುಂದುಜ್ ಬಲಗೈಯಿಂದ ಬಾರಿಸಿದಳು. ಮತ್ತೊಮ್ಮೆ ಬಾರಿಸಿದಳು. ತುಟಿ ಒಡೆಯಿತು.

"ನಿನ್ನ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ."

"ಕುಂದುಜ್, ನಾನು..."

"ಫೋನ್ ನೋಡು. ನಿನ್ನ ಹೆಸರಲ್ಲೇ ಬಂದಿದೆ."

ನಿಜವಾಗಿಯೂ ಬಂದಿತ್ತು. ಹೊಡೆದವರು ತಾವೇ ತೆಗೆದ ಚಿತ್ರಗಳನ್ನು, ಒಂದು ವಿಡಿಯೋವನ್ನು ಎಲ್ಲಾ ಸುದ್ದಿತಾಣಗಳಿಗೂ ಕಳಿಸಿದ್ದರು. ಕುಂದುಜ್‌ಳ ಸುದ್ದಿ ಯಾವಾಗಲೂ ಅಕ್ಮರಾಲ್‌ಳದೇ ಅಲ್ಲವೇ ಅಂತ ಸಂಪಾದಕ ವದೀಮ್ ಅವಳ ಹೆಸರು ಹಾಕಿ, ಎಲ್ಲರಿಗಿಂತ ಮೊದಲು ಏರಿಸಿದ್ದ. ರಕ್ತದ ಮುಖ, ಕೆಳಗೆ ಅಕ್ಮರಾಲ್‌ಳ ನಗುವ ಫೋಟೋ. ಏನು ಹೇಳಿದರೂ ಆ ಪುಟದ ಮುಂದೆ ನಿಲ್ಲುವಂತಿರಲಿಲ್ಲ. ಆಂಬುಲೆನ್ಸಿಗೆ ಹತ್ತಲು ಬಂದವಳನ್ನು ಕುಂದುಜ್ ಕಾಲಿನಿಂದ ತಳ್ಳಿದಳು. ಆಸ್ಪತ್ರೆಯಲ್ಲಿ ಗೋಡೆಯ ಕಡೆ ತಿರುಗಿದಳು. ಫೋನ್ ತೆಗೆಯಲಿಲ್ಲ.

ನಾನು ಹೇಳಲಿಲ್ಲ... ಹಾಗಾದರೆ ಯಾರು? ಅಕ್ಮರಾಲ್ ಕಚೇರಿಯಲ್ಲಿ ಕೂತು ಆ ವಿಡಿಯೋವನ್ನು ನೋಡಿದಳು. ನೋಡಲಾಗದೆ ಕಣ್ಣು ಮುಚ್ಚಿ ಕೇಳಿದಳು. ಬೂಟಿನ ಸದ್ದು. ನಗು. ಕುಂದುಜ್‌ಳ ಕಿರುಚು. ಕೊನೆಗೆ, ಕಲ್ಲು ಎತ್ತಿ ಹಾಕು ಅಂತ ಯಾರೋ ಕೂಗಿದಾಗ, ಒಂದು ಗಂಡು ದನಿ ಬಿಕ್ಕುವ ಹಾಗೆ ಹೇಳಿತು: "ಸಾಕು... ಸಾಕು ಬಿಡ್ರೋ, ಸತ್ತೋಗ್ತಾಳೆ."

ಅವಳು ಅಷ್ಟನ್ನೇ ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ಆ ದನಿ ಒಡೆಯುವ ಮೊದಲು, ಅದು ಎಳೆಯ ಕಂಠವಾಗಿದ್ದಾಗಿನಿಂದಲೂ ಅವಳು ಅದನ್ನು ಕೇಳುತ್ತಾ ಬಂದಿದ್ದಳು.

ಸಂಜೆ ಎಲ್ದಿಯಾರ್ ಮನೆಯಲ್ಲೇ ಇದ್ದ. ಸುಳ್ಳು ಹೇಳಲಿಲ್ಲ. ಅವಳ ಫೋನಿನ ಗುಪ್ತಸಂಖ್ಯೆ ಅವನದೇ ಹುಟ್ಟಿದ ದಿನ, ತೆರೆಯಲು ಕಷ್ಟವೇನಿತ್ತು. ವ್ಯಾಯಾಮಶಾಲೆಯವರು ಅಕ್ಕನ ಮತ್ತು ಆ ಗಾಯಕಿಯ ಫೋಟೋ ತೋರಿಸಿದ್ದರಂತೆ. ವಿಳಾಸ ಕೊಟ್ಟು ತಾನೂ ಜೊತೆಗೆ ಬಂದರೆ ಅಕ್ಕನ ಹೆಸರು ಹೊರಗೆ ಬರುವುದಿಲ್ಲ, ಇಲ್ಲದಿದ್ದರೆ ಮುಂದಿನ ಸರದಿ ಅವಳದೇ ಅಂದಿದ್ದರಂತೆ.

"ನಿನ್ನನ್ನ ಉಳಿಸೋಕೆ ಮಾಡ್ದೆ, ಎಜೆ."

"ಅವಳ ಬೆರಳು ತುಳಿದೋನು ಯಾರು?"

ಅವನು ಬಾಗಿಲ ಬಳಿ ಬಿಟ್ಟಿದ್ದ ತನ್ನ ಬೂಟುಗಳ ಕಡೆ ನೋಡಿದ.

ಎಲ್ಲರ ಹೆಸರೂ ಬರೀತೀನಿ, ನಿನ್ನದೂ ಬರೀತೀನಿ ಅಂದಳು ಅಕ್ಮರಾಲ್. ಬೇಡ ಅಂತ ಅವನು ಮೊದಲು ಬೇಡಿದ, ಕಾಲು ಹಿಡಿದ. ಅವಳು ಕಂಪ್ಯೂಟರ್ ಚೀಲಕ್ಕೆ ಹಾಕಿಕೊಂಡಾಗ ಅವನೊಳಗೆ ಏನೋ ತುಂಡಾಯಿತು. ಚೀಲ ಕಿತ್ತುಕೊಳ್ಳಲು ಬಂದ, ಅವಳು ಕೈಗೆ ಕಚ್ಚಿದಳು. ಅವನು ಮುಷ್ಟಿ ಬಿಗಿದು ಹೊಡೆದ. ಅವಳ ದವಡೆಯ ಹಲ್ಲೊಂದು ಅಲುಗಿ ನೆಲಕ್ಕೆ ಬಿತ್ತು. ಆ ಹಲ್ಲನ್ನು ನೋಡಿ ಎಲ್ದಿಯಾರ್ ಗೋಡೆಗೆ ಒರಗಿ ಕುಸಿದ, ಮುಖ ಮುಚ್ಚಿಕೊಂಡ. ಅವನ ಪಕ್ಕದಿಂದಲೇ ದಾಟಿ ಅವಳು ಬಾಗಿಲು ತೆರೆದು ಹೋದಳು.

ಮರುದಿನ ಬೆಳಿಗ್ಗೆ ವದೀಮ್ ಬರುವ ಮೊದಲು, ಯಾರು ಯಾರನ್ನು ಮದುವೆಯಾದರು ಅಂತ ಜನ ಓದುವ ಅದೇ ಅಂಕಣದಲ್ಲಿ, ಅವಳು ಏಳು ಹೆಸರು ಹಾಕಿದಳು. ವಿಡಿಯೋದಲ್ಲಿ ಬಿದ್ದಿದ್ದ ಅಡ್ಡಹೆಸರುಗಳು, ಬೂಟುಗಳು, ಎಲ್ದಿಯಾರನ ಗೆಳೆಯರ ಹಳೆಯ ಚಿತ್ರಗಳು, ಎಲ್ಲ ತಾಳೆ ಹಾಕಿದ್ದಳು. ಮೊದಲ ಹೆಸರು ತಮ್ಮನದು. ಅವನ ಬೆನ್ನಿಗೆ ನಿಂತ ಸಂಸದನ ಫೋಟೋ ಪಕ್ಕದಲ್ಲೇ. ಕೊನೆಗೆ ಒಂದು ಸಾಲು: ನಾನು ಕುಂದುಜ್‌ಳನ್ನು ಪ್ರೀತಿಸುತ್ತೇನೆ.

ವದೀಮ್ ನಲವತ್ತು ನಿಮಿಷದಲ್ಲಿ ಅದನ್ನು ಅಳಿಸಿದ, ಅವಳನ್ನು ಕೆಲಸದಿಂದ ತೆಗೆದ. ಆದರೆ ಅಷ್ಟರಲ್ಲಿ ಕುಂದುಜ್‌ಳ ಚಿತ್ರ ಬರೆಯುತ್ತಿದ್ದ ಆ ಸಾವಿರಾರು ಕೈಗಳು ಪುಟವನ್ನು ಉಳಿಸಿಕೊಂಡಾಗಿತ್ತು. ಊರೂರಿಗೆ ಹರಡಿತು. ಹೊರದೇಶದ ಪತ್ರಿಕೆಗಳು ಕೇಳತೊಡಗಿದವು, ಪೊಲೀಸರು ಕಣ್ಣು ಮುಚ್ಚಿ ಕೂರುವ ಹಾಗಿರಲಿಲ್ಲ.

ಮಾಸ್ಕೋದಿಂದ ಅಮ್ಮ ಫೋನ್ ಮಾಡಿದಳು. ಕೂಗಲಿಲ್ಲ.

"ನನಗೆ ಇಬ್ಬರು ಮಕ್ಕಳಿದ್ರು. ಇವತ್ತು ಒಬ್ಬರೂ ಇಲ್ಲ," ಅಂದು ಇಟ್ಟಳು.

ಮೂರನೇ ದಿನ ಬಸ್ ನಿಲ್ದಾಣದಲ್ಲಿ, ಹಾಡಹಗಲೇ, ನಾಲ್ವರು ಅಕ್ಮರಾಲ್‌ಳನ್ನು ಸುತ್ತುವರಿದರು. ಅವಳು ಮೊಣಕಾಲು ಎದೆಗೆ ಎಳೆದುಕೊಂಡು ತಲೆ ಉಳಿಸಿಕೊಂಡಳು. ಎರಡು ಪಕ್ಕೆಲುಬು ಮುರಿದವು. ಬಸ್ಸಿಗೆ ಕಾಯುತ್ತಿದ್ದ ಜನ ನೋಡುತ್ತಾ ನಿಂತಿದ್ದರು. ಸೂರ್ಯಕಾಂತಿ ಬೀಜ ಮಾರುವ ಮುದುಕಿಯೊಬ್ಬಳು ಮಾತ್ರ ಕೋಲು ಎತ್ತಿಕೊಂಡು ನುಗ್ಗಿ, ನಿಮ್ಮ ತಾಯಂದಿರ ಮುಖಕ್ಕೆ ಬೆಂಕಿ ಬೀಳಲಿ ಅಂತ ಬೈಯುತ್ತಾ ಸಿಕ್ಕವರಿಗೆ ಬಾರಿಸಿದಳು.

ಅದೇ ಸಂಜೆ ಎಲ್ದಿಯಾರ್ ತಾನಾಗಿಯೇ ಠಾಣೆಗೆ ಹೋಗಿ, ಉಳಿದ ಆರು ಜನರ ವಿರುದ್ಧ ಹೇಳಿಕೆ ಕೊಟ್ಟ. ತನ್ನ ವಿರುದ್ಧವೂ ಕೊಟ್ಟ. ಸಂಸದನಿಗೆ ಏನೂ ಆಗಲಿಲ್ಲ. ಮಸೂದೆಯ ಮೊದಲ ಮತದಾನ ಗೆದ್ದು ಟೀವಿಯಲ್ಲಿ ನಕ್ಕ.

ನಾಲ್ಕು ವಾರ ಕಳೆಯಿತು. ಚಳಿಗಾಲ ಶುರುವಾಗಿತ್ತು. ಬುಧವಾರ ಬೆಳಿಗ್ಗೆ ಜೈಲಿನ ಗೇಟಿನ ಮುಂದೆ ಹೆಂಗಸರ ಸಾಲಿನಲ್ಲಿ ಅಕ್ಮರಾಲ್ ನಿಂತಿದ್ದಳು. ಕೈಯಲ್ಲಿ ತಮ್ಮನಿಗೆ ಅಂತ ಎಣ್ಣೆಯಲ್ಲಿ ಕರಿದ ಹಿಟ್ಟಿನ ತಿಂಡಿ ಬೋರ್ಸೋಕ್, ಉಣ್ಣೆಯ ಕಾಲುಚೀಲ. ಉಸಿರೆಳೆದರೆ ಪಕ್ಕೆ ಚುಚ್ಚುತ್ತಿತ್ತು.

ಬೀದಿಯ ಆಚೆ ಒಂದು ಕಾರು ನಿಂತಿತು. ಇಳಿದವಳು ಕುಂದುಜ್. ಎಡಗೈಗೆ ಪಟ್ಟಿ. ಸಾಲಿನ ಹೆಂಗಸರು ಪಿಸುಗುಟ್ಟಿದರು, ಒಬ್ಬಳು ಉಗುಳಿದಳು. ಕುಂದುಜ್ ನಿಲ್ಲದೆ ಬಂದು ಅಕ್ಮರಾಲ್‌ಳ ಎದುರು ನಿಂತಳು.

"ನೀನೇ ಅಂತ ನಂಬಿಬಿಟ್ಟೆ. ಅವರ ಒದೆಗಿಂತ ಅದೇ ಜಾಸ್ತಿ ನೋವು ಕೊಡ್ತು."

"ನನ್ನ ಫೋನಿಂದಲೇ ಹೋಗಿದ್ದು."

"ಗೊತ್ತು. ಓದಿದ್ದೀನಿ. ಕೊನೇ ಸಾಲನ್ನೂ ಓದಿದ್ದೀನಿ. ನನಗೆ ಒಂದು ಸಲಾನೂ ಹೇಳ್ದೆ ದೇಶಕ್ಕೆಲ್ಲಾ ಹೇಳಿದೆಯಲ್ಲ."

"ನೀನು ಫೋನ್ ತೆಗೀತಿರಲಿಲ್ಲ."

ಕುಂದುಜ್ ತನ್ನ ಬಲಗೈ ಎತ್ತಿ ನೋಡಿಕೊಂಡಳು. "ತೆಗೆಯೋಕೆ ಧೈರ್ಯ ಬರೋಷ್ಟರಲ್ಲಿ ಇಷ್ಟು ದಿನ ಆಯ್ತು. ನಿನ್ನ ಬಾಯಿಗೆ ಹೊಡೆದೆ ನಾನು... ಈ ಕೈಯಿಂದಲೇ."

ಅಕ್ಮರಾಲ್ ಆ ಬಲಗೈಯನ್ನು ಹಿಡಿದುಕೊಂಡಳು. ಎಲ್ಲರ ಮುಂದೆಯೇ. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು, ಇಬ್ಬರೂ ಜೊತೆಗೇ ಸರಿದರು. ಹೇಳಬೇಕಾದ್ದು ಇನ್ನೊಂದಿತ್ತು. ಹೇಳಿದರೆ ಈ ಕೈ ಬಿಟ್ಟುಹೋಗಬಹುದು... ಆದರೂ ಹೇಳಿದಳು.

"ಪ್ರತಿ ಬುಧವಾರ ಇಲ್ಲಿಗೆ ಬರ್ತೀನಿ. ಶಿಕ್ಷೆ ಆದ್ಮೇಲೂ ಬರ್ತೀನಿ. ಅವನನ್ನ ಬೆಳೆಸಿದೋಳು ನಾನು. ಬಿಡು ಅಂತ ಮಾತ್ರ ಕೇಳಬೇಡ."

ಕುಂದುಜ್ ಎಡಗೈಯನ್ನು ಕೋಟಿನೊಳಗೆ ಸರಿಸಿಕೊಂಡಳು. ಪಟ್ಟಿಯೊಳಗಿನ ಬೆರಳುಗಳು ಇನ್ನು ತಂತಿ ಒತ್ತಲಾರವು ಅಂತ ವೈದ್ಯರು ಹೇಳಿಯಾಗಿತ್ತು.

"ನಾನು ಅವನನ್ನ ಕ್ಷಮಿಸಿಲ್ಲ," ಅಂದಳು. "ಕ್ಷಮಿಸ್ತೀನೋ ಇಲ್ವೋ, ಗೊತ್ತಿಲ್ಲ."

"ಹ್ಞೂಂ."

"ನೀನು ಹೋಗಿ ಬಾ. ನಾನು ಇಲ್ಲೇ ಇರ್ತೀನಿ."

"ಎರಡು ಗಂಟೆ ಆಗತ್ತೆ. ಈ ಚಳೀಲಿ..."

"ಆಗ್ಲಿ." ಕುಂದುಜ್ ತನ್ನ ಶಾಲು ತೆಗೆದು, ಒಂದೇ ಕೈಯಿಂದ ಕಷ್ಟಪಟ್ಟು ಅವಳ ಕತ್ತಿಗೆ ಸುತ್ತಿದಳು. "ಮೆಟ್ಟಿಲು ಮೆಲ್ಲಗೆ ಹತ್ತು. ಪಕ್ಕೆ ಇನ್ನೂ ಕೂಡಿಲ್ಲ ನಿಂದು."